ಪರ್ಲ್ ಬೀದಿಯಿಂದ ಡೇಟಾ ಸೆಂಟರಿಗೆ: ವಿದ್ಯುತ್ ದ್ವೀಪಗಳ ಕಥೆ



ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನ ನೀವು ನೋಂದಣಿ ಸಂಖ್ಯೆಯನ್ನು ಒತ್ತಿ ಉಸಿರು ಬಿಗಿಹಿಡಿದು ಕಾಯುತ್ತೀರಿ. ಅಂಕಗಳು ಪರದೆಯ ಮೇಲೆ ಮೂಡುತ್ತವೆ. ಆ ಅಂಕಗಳು ನಿಮ್ಮ ಕೈಯಲ್ಲಿರುವ ಫೋನಿನೊಳಗೆ ಇರಲಿಲ್ಲ. ಎಲ್ಲೋ ದೂರದ ಒಂದು ಕಟ್ಟಡದಲ್ಲಿ, ಸಾಲುಸಾಲಾಗಿ ನಿಲ್ಲಿಸಿದ ಕಪಾಟುಗಳಲ್ಲಿ, ಹಗಲಿರುಳೂ ನಡೆಯುತ್ತಿರುವ ಗಣಕಯಂತ್ರಗಳಲ್ಲಿ ಇದ್ದವು. ಅಂಥ ಕಟ್ಟಡವನ್ನೇ ಡೇಟಾ ಸೆಂಟರ್ ಎನ್ನುತ್ತಾರೆ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟು, ಆಸ್ಪತ್ರೆಯ ದಾಖಲೆ ಎಲ್ಲವೂ ಈಗ ಇಂಥ ಕಟ್ಟಡಗಳಲ್ಲಿ ವಾಸವಾಗಿವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಅದು ಇಡೀ ಜಗತ್ತು ಬಳಸಿದ ವಿದ್ಯುತ್ತಿನ ಶೇಕಡಾ ಒಂದೂವರೆ ಭಾಗ.

ಆದರೆ ಎಷ್ಟು ವಿದ್ಯುತ್ತು ಬೇಕು ಎಂಬುದಕ್ಕಿಂತ ಎಂಥ ವಿದ್ಯುತ್ತು ಬೇಕು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಕರೆಂಟು ಅರೆಕ್ಷಣ ಹೋಗಿ ಬಂದರೆ ಫ್ಯಾನು ತಿರುಗುತ್ತಲೇ ಇರುತ್ತದೆ. ಗಣಕಯಂತ್ರ ಹಾಗಲ್ಲ. ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ ವಿದ್ಯುತ್ತು ತಪ್ಪಿದರೆ ಅದು ಬಿದ್ದು, ಮತ್ತೆ ಮೊದಲಿನಿಂದ ಏಳಬೇಕಾಗಬಹುದು. ಕಾರ್ಯಕ್ರಮದಲ್ಲಿ ಸಮಯ ಸಾಲದೆ ಈ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿದ್ದೆವು. ಇಲ್ಲಿ ಸ್ವಲ್ಪ ಸಾವಕಾಶವಾಗಿ ನೋಡೋಣ. ಅದಕ್ಕೆ ನೀವು ನನ್ನೊಡನೆ ನ್ಯೂಯಾರ್ಕ್ ನಗರದ ದಕ್ಷಿಣದ ತುದಿಗೆ ಬರಬೇಕು. ಈ ಕಥೆ ಹುಟ್ಟಿದ್ದೂ ಅಲ್ಲೇ, ದೊಡ್ಡ ತಿರುವು ಕಂಡದ್ದೂ ಅಲ್ಲೇ.

ಮ್ಯಾನ್‌ಹಟನ್ ದ್ವೀಪದ ಆ ಭಾಗದಲ್ಲಿ ಪರ್ಲ್ ಎಂಬ ಬೀದಿಯಿದೆ. 1882ರ ಸೆಪ್ಟೆಂಬರ್ 4ರಂದು ಥಾಮಸ್ ಆಲ್ವ ಎಡಿಸನ್ ಅಲ್ಲಿಯ ಒಂದು ಕಟ್ಟಡದಲ್ಲಿ ತನ್ನ ವಿದ್ಯುತ್ ಕೇಂದ್ರವನ್ನು ಚಾಲನೆಗೊಳಿಸಿದ. ಕಲ್ಲಿದ್ದಲು ಉರಿಸಿ, ಉಗಿಯಿಂದ ತಿರುಗಿಸುವ ದೈತ್ಯ ಡೈನಮೊಗಳು. ಒಂದೊಂದರ ತೂಕ ಸುಮಾರು 27 ಟನ್. ಸರ್ಕಸ್ಸಿನ ಪ್ರಸಿದ್ಧ ಆನೆಯೊಂದರ ಹೆಸರಿನಿಂದ ಅವನ್ನು 'ಜಂಬೋ' ಎಂದು ಕರೆಯುತ್ತಿದ್ದರು. ಮೊದಲ ದಿನ ಬೆಳಗಿದ್ದು ಸುಮಾರು 400 ದೀಪಗಳು. ನೆಲದಡಿ ಹೂಳಿದ ತಾಮ್ರದ ವಾಹಕಗಳಲ್ಲಿ 110 ವೋಲ್ಟಿನ ನೇರ ವಿದ್ಯುತ್ತು, ಅಂದರೆ ಡಿ.ಸಿ., ಹರಿಯುತ್ತಿತ್ತು. ಇಷ್ಟು ಕಡಿಮೆ ವೋಲ್ಟೇಜಿನ ವಿದ್ಯುತ್ತು ಹೆಚ್ಚು ದೂರ ಹೋಗಲಾರದು. ಒಂದು ಮೈಲಿ ದಾಟುವ ಮೊದಲೇ ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುತ್ತದೆ. ಆದ್ದರಿಂದ ವಿದ್ಯುತ್ತು ತಯಾರಾಗುವ ಜಾಗವೂ ಬಳಕೆಯಾಗುವ ಜಾಗವೂ ಅಕ್ಕಪಕ್ಕದಲ್ಲೇ ಇರಬೇಕಿತ್ತು. ಕೆಲವೇ ಬೀದಿಗಳು, ಅವಕ್ಕೊಂದು ಕೇಂದ್ರ, ಹೊರಗಿನ ಹಂಗಿಲ್ಲ. ಇಂದು ನಾವು ಮೈಕ್ರೋಗ್ರಿಡ್ ಅಥವಾ ಕಿರುಜಾಲ ಎಂದು ಹೊಸ ಹೆಸರಿಟ್ಟು ಕರೆಯುವ ವ್ಯವಸ್ಥೆಗೆ ಇದು ಬಹಳ ಹತ್ತಿರದ ಪೂರ್ವಜ.

ಪರ್ಲ್ ಬೀದಿಯ ಕೇಂದ್ರದ ಒಂದು ದೌರ್ಬಲ್ಯವನ್ನೂ ಹೇಳಿಬಿಡಬೇಕು. 1890ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಒಂದು ಡೈನಮೊ ಮಾತ್ರ ಉಳಿಯಿತು. ಆಸರೆ ಕೊಡಲು ಪಕ್ಕದ ಜಾಲವೆಂಬುದೇ ಇರಲಿಲ್ಲ. ಒಂಟಿ ದ್ವೀಪಕ್ಕೆ ಅದೇ ತೊಂದರೆ.

ಆ ಹೊತ್ತಿಗಾಗಲೇ ಪರ್ಯಾಯ ವಿದ್ಯುತ್ತು, ಅಂದರೆ ಎ.ಸಿ., ಬಂದಿತ್ತು. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ದೂರಕ್ಕೆ ಕಳಿಸಿ, ಅಲ್ಲಿ ಮತ್ತೆ ಇಳಿಸಿಕೊಳ್ಳಬಹುದಾಗಿತ್ತು. 1896ರಲ್ಲಿ ನಯಾಗರದ ವಿದ್ಯುತ್ತು ಬಫೆಲೊ ನಗರವನ್ನು ಮುಟ್ಟಿತು. ಆರೇ ವರ್ಷಗಳಲ್ಲಿ, 1902ರಲ್ಲಿ, ನಮ್ಮ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ತಂತಿಮಾರ್ಗ ಆಗಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಕ್ಕಾಗಿ ಅದನ್ನು ಎಳೆಯಲಿಲ್ಲ ಎಂಬುದನ್ನು ಗಮನಿಸಿ. ಬೆಂಗಳೂರಿಗೆ ಸರದಿ ಬಂದದ್ದು 1905ರಲ್ಲಿ. ಮೊದಲ ಗ್ರಾಹಕ ನಿಲ್ಲಿಸಲಾಗದ ಕೆಲಸವುಳ್ಳ ಗಣಿ. ನೆಲದಾಳದಲ್ಲಿ ಜನ ಕೆಲಸ ಮಾಡುತ್ತಿರುವಾಗ ಯಂತ್ರಗಳು ನಿಂತರೆ ಏನಾದೀತು, ಊಹಿಸಿ ನೋಡಿ.

ಆಮೇಲೆ ಜಾಲಗಳು ಬೆಳೆದವು. ಎಡಿಸನ್ನನ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಇನ್ಸಲ್ 1892ರಲ್ಲಿ ಷಿಕಾಗೋಗೆ ಹೋಗಿ ಅಲ್ಲಿಯ ವಿದ್ಯುತ್ ಕಂಪನಿಯ ಹೊಣೆ ಹೊತ್ತ. ಆಗ ದೊಡ್ಡ ಹೋಟೆಲು, ಕಾರ್ಖಾನೆಗಳೆಲ್ಲ ತಮ್ಮ ತಮ್ಮ ನೆಲಮಾಳಿಗೆಯಲ್ಲಿ ಸ್ವಂತ ಡೈನಮೊ ಇಟ್ಟುಕೊಂಡಿದ್ದವು. ಇನ್ಸಲ್ ಕಂಡುಕೊಂಡ ಸಂಗತಿ ಸರಳವಾದದ್ದು. ಟ್ರಾಮಿಗೆ ಬೆಳಿಗ್ಗೆ ಸಂಜೆ ವಿದ್ಯುತ್ತು ಬೇಕು, ಕಾರ್ಖಾನೆಗೆ ಹಗಲು ಬೇಕು, ದೀಪಕ್ಕೆ ರಾತ್ರಿ ಬೇಕು. ಎಲ್ಲರಿಗೂ ಒಂದೇ ದೊಡ್ಡ ಯಂತ್ರವಿದ್ದರೆ ಅದು ದಿನವಿಡೀ ದುಡಿಯುತ್ತದೆ, ಯೂನಿಟ್ಟಿನ ಬೆಲೆ ಇಳಿಯುತ್ತದೆ. ಹೀಗೆ ನೆಲಮಾಳಿಗೆಯ ಡೈನಮೊಗಳು ಒಂದೊಂದಾಗಿ ಮೂಲೆ ಸೇರಿದವು. ಮುಂದಿನ ಕೆಲವು ದಶಕಗಳ ಇತಿಹಾಸವೆಲ್ಲ ಊರಿನಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ತಂತಿ ಬೆಸೆದ ಇತಿಹಾಸ. ಇದನ್ನು ಹಳಿಯುವುದಕ್ಕೆ ನಾನು ಸಿದ್ಧನಿಲ್ಲ. ನಿಮ್ಮ ಹಳ್ಳಿಗೆ ದೀಪ ಬಂದದ್ದು ಈ ದೊಡ್ಡ ಜಾಲದಿಂದಲೇ.

ಬೆಸೆದುಕೊಂಡದ್ದರ ಬೆಲೆಯೂ ಒಂದಿತ್ತು. ಒಂದು ಜಾಲದ ಎಲ್ಲ ಜನರೇಟರುಗಳೂ ಒಂದೇ ಲಯದಲ್ಲಿ ತಿರುಗಬೇಕು. ನಮ್ಮಲ್ಲಿ ಸೆಕೆಂಡಿಗೆ 50 ಆವರ್ತ, ಅಮೆರಿಕದಲ್ಲಿ 60. ಇದೇ ಆವೃತ್ತಿ, ಅಂದರೆ ಫ್ರೀಕ್ವೆನ್ಸಿ. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಲಯ ನಿಧಾನವಾಗುತ್ತದೆ. ಮಿತಿ ಮೀರಿದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿದರೆ ಉಳಿದವುಗಳ ಮೇಲೆ ಭಾರ, ಅವೂ ಕಳಚುತ್ತವೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲೂ ಕೆನಡಾದಲ್ಲೂ ಹೀಗೆಯೇ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕುಳಿತರು. ಆರಂಭ ಒಹಾಯೊ ರಾಜ್ಯದಲ್ಲಿ, ತಂತಿಗೆ ತಾಗಿದ ಮರಗಳಿಂದ. ಅಲ್ಲಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡಬೇಕಾಗಿದ್ದ ಗಣಕದ ತಂತ್ರಾಂಶ ಸದ್ದಿಲ್ಲದೆ ಕೆಟ್ಟುಹೋಗಿತ್ತು. ವಿದ್ಯುತ್ತಿಗೆ ಗಣಕ ಬೇಕು, ಗಣಕಕ್ಕೆ ವಿದ್ಯುತ್ತು ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತ ಸ್ಥಿತಿ.

ನಮ್ಮ ದೇಶದಲ್ಲಿ 2012ರ ಜುಲೈ 30 ಮತ್ತು 31ರಂದು ನಡೆದದ್ದು ಇನ್ನೂ ದೊಡ್ಡದು. 31ರ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಅದು. ಆ ದಿನ ಕರ್ನಾಟಕ ಕತ್ತಲಾಗಲಿಲ್ಲ. ಏಕೆ? ದಕ್ಷಿಣದ ಜಾಲ ಆಗ ಉಳಿದ ಜಾಲಗಳೊಡನೆ ಲಯ ಹಂಚಿಕೊಂಡಿರಲಿಲ್ಲ. ವಿದ್ಯುತ್ತನ್ನು ಎ.ಸಿ.ಯಿಂದ ಡಿ.ಸಿ.ಗೆ ತಿರುಗಿಸಿ, ಮತ್ತೆ ಎ.ಸಿ. ಮಾಡಿ ಒಳಗೆ ತರುವ ಬಾಗಿಲುಗಳ ಮೂಲಕ ಮಾತ್ರ ಅದು ಅವುಗಳಿಗೆ ಅಂಟಿಕೊಂಡಿತ್ತು. ಒರಿಸ್ಸಾದ ತಾಲ್ಚೇರಿನಿಂದ 2003ರಲ್ಲಿ ಬಂದ ಡಿ.ಸಿ. ಮಾರ್ಗ ಅಂಥದೊಂದು ಬಾಗಿಲು. ಅದು ಬಂದು ತಲಪುವುದು, ನೋಡಿ, ಮತ್ತೆ ಕೋಲಾರಕ್ಕೇ! ಇನ್ನೊಂದು ಬಾಗಿಲು ಭದ್ರಾವತಿಯಲ್ಲಿ. ನಮ್ಮ ಭದ್ರಾವತಿಯಲ್ಲ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿಯಲ್ಲಿ. ಡಿ.ಸಿ.ಗೆ ಲಯವಿಲ್ಲ. ಆಚೆಯವರ ಲಯ ತಪ್ಪಿದರೆ ಈಚೆಗೆ ಸೋಂಕು ತಗಲುವುದಿಲ್ಲ. ಆ ದಿನ ಹೊರಗಿನಿಂದ ಬರುತ್ತಿದ್ದ ವಿದ್ಯುತ್ತು ನಿಂತುಹೋಯಿತು, ದಕ್ಷಿಣದಲ್ಲಿ ಒಂದಷ್ಟು ಬೇಡಿಕೆಯನ್ನು ರಿಲೇಗಳು ತಾವಾಗಿಯೇ ಕಡಿತ ಮಾಡಿದವು, ಜಾಲ ನಿಂತುಕೊಂಡಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಚಾಲೂ ಆಗಿ ದಕ್ಷಿಣವೂ ಅದೇ ಲಯಕ್ಕೆ ಸೇರಿತು. ಇದರಿಂದ ವಿದ್ಯುತ್ ಕೊರತೆಗೆ ಬಹಳ ಉಪಕಾರವಾಯಿತು ನಿಜ. ಆದರೆ 2012ರ ಆ ಮಧ್ಯಾಹ್ನದ ಪಾಠ ಬೇರೆ: ಸೇರಿಕೊಂಡೂ ಬೇಕಾದಾಗ ಬಾಗಿಲು ಹಾಕಿಕೊಳ್ಳಬಲ್ಲವನು ಉಳಿದ.

ಈಗ ಡೇಟಾ ಸೆಂಟರಿಗೆ ಬರೋಣ. ಅವು ಹಲವು ವರ್ಷ ನಂಬಿದ್ದು ಮೂರು ಮೆಟ್ಟಿಲಿನ ವ್ಯವಸ್ಥೆಯನ್ನು. ಮೊದಲಿಗೆ ಜಾಲದ ವಿದ್ಯುತ್ತು. ಅದು ತಪ್ಪಿದ ಕ್ಷಣ ಯು.ಪಿ.ಎಸ್. ಬ್ಯಾಟರಿಗಳು ಭಾರ ಹೊರುತ್ತವೆ. ಅವು ಕೆಲವು ನಿಮಿಷ ತಡೆದುಕೊಳ್ಳುವಷ್ಟರಲ್ಲಿ ಡೀಸೆಲ್ ಜನರೇಟರ್ ಎದ್ದು ನಿಲ್ಲಬೇಕು. ನಮ್ಮ ಸ್ಟುಡಿಯೋಗಳದ್ದೂ ಇದೇ ವ್ಯವಸ್ಥೆ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಒಂದು ಸ್ಟುಡಿಯೋದಲ್ಲಿ ನೇರಪ್ರಸಾರ ನಡೆದಿತ್ತು. ಕರೆಂಟು ಹೋಯಿತು, ಯು.ಪಿ.ಎಸ್. ಹಿಡಿದುಕೊಂಡಿತು, ಹೊರಗಡೆ ಜನರೇಟರಿನ ಸದ್ದು ಮಾತ್ರ ಕೇಳಲಿಲ್ಲ. ಓಡಿ ಹೋಗಿ ನೋಡಿದರೆ ಟ್ಯಾಂಕಿನ ತುಂಬ ಡೀಸೆಲ್ ಇದೆ, ಯಂತ್ರವೂ ಸರಿಯಾಗಿದೆ. ಅದನ್ನು ಚಾಲೂ ಮಾಡುವ ಪುಟ್ಟ ಬ್ಯಾಟರಿ ಸತ್ತುಹೋಗಿತ್ತು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಕತ್ತಲಾಯಿತು. ಅತಿಥಿಯಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕರು, ಪಾಪ, ಪ್ರಸಾರ ನಿಂತದ್ದು ತಿಳಿಯದೆ ಕತ್ತಲಲ್ಲೇ ಮಾತು ಮುಂದುವರಿಸಿದ್ದರು. ಬಳಸದೆ ಇಟ್ಟ ಯಂತ್ರ ಬೇಕಾದಾಗ ಎದ್ದೀತೆಂಬ ನಂಬಿಕೆ ಎಷ್ಟು ತೆಳುವಾದದ್ದು ಎಂದು ಅಂದು ನನಗೆ ತಿಳಿಯಿತು.

ಇದೇ ತೆಳುವಾದ ನಂಬಿಕೆ 2012ರ ಅಕ್ಟೋಬರ್ 29ರ ರಾತ್ರಿ ನ್ಯೂಯಾರ್ಕಿನಲ್ಲಿ ಪರೀಕ್ಷೆಗೆ ಬಿತ್ತು. ಸ್ಯಾಂಡಿ ಚಂಡಮಾರುತ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ ನೀರಿನ ಮಟ್ಟ ಸುಮಾರು 14 ಅಡಿಗೆ ಏರಿತು. ಹದಿಮೂರನೇ ಬೀದಿಯ ಉಪಕೇಂದ್ರಕ್ಕೆ ನೀರು ನುಗ್ಗಿ, ನಗರದ ದಕ್ಷಿಣ ಭಾಗವೆಲ್ಲ ಸುಮಾರು ನಾಲ್ಕು ದಿನ ಕತ್ತಲಾಯಿತು. ಪರ್ಲ್ ಬೀದಿಯ ಎಡಿಸನ್ನನ ಹಳೆಯ ಕೇಂದ್ರವಿದ್ದ ಜಾಗದಿಂದ ಒಂದು ಕಿಲೋಮೀಟರೂ ದೂರವಿಲ್ಲದ ಬ್ರಾಡ್ ಬೀದಿಯಲ್ಲಿ 75ನೇ ನಂಬರಿನ ಕಟ್ಟಡವಿದೆ. 1928ರಲ್ಲಿ ಟೆಲಿಫೋನು ಕಂಪನಿಯೊಂದಕ್ಕಾಗಿ ಕಟ್ಟಿದ ಕಟ್ಟಡ. ಅದರ ಮೇಲಿನ ಅಂತಸ್ತಿನಲ್ಲಿ ಪೀರ್ 1 ಎಂಬ ಕಂಪನಿಯ ಡೇಟಾ ಸೆಂಟರ್ ಇತ್ತು. ಜನರೇಟರ್ ಕೂಡ ಮೇಲೆಯೇ, ನೀರಿಗೆ ಸಿಗದ ಜಾಗದಲ್ಲಿ. ಆದರೆ ಡೀಸೆಲ್ಲಿನ ದೊಡ್ಡ ಟ್ಯಾಂಕು ಮತ್ತು ಅದನ್ನು ಮೇಲಕ್ಕೆ ದೂಡುವ ಪಂಪು ನೆಲಮಾಳಿಗೆಯಲ್ಲಿದ್ದವು, ಮತ್ತು ನೆಲಮಾಳಿಗೆ ತುಂಬಿಹೋಗಿತ್ತು.

ಆಗ ಏನು ಮಾಡಿದರು ಗೊತ್ತೇ? ಕಂಪನಿಯವರೂ ಗ್ರಾಹಕರಾದ ಸ್ಕ್ವೇರ್‌ಸ್ಪೇಸ್, ಫಾಗ್ ಕ್ರೀಕ್ ಕಂಪನಿಗಳ ನೌಕರರೂ ಬಕೀಟು ಹಿಡಿದು ಸಾಲು ನಿಂತರು. ಪೀಪಾಯಿಗಳಲ್ಲಿ ಡೀಸೆಲ್ ತರಿಸಿ, ಕತ್ತಲ ಮೆಟ್ಟಿಲುಗಳಲ್ಲಿ 17 ಮಹಡಿ ಹೊತ್ತು ಏರಿಸಿದರು. ಐದು ಗ್ಯಾಲನ್ನಿನ ಒಂದು ಬಕೀಟು ಡೀಸೆಲ್ ಎಂದರೆ ಸುಮಾರು 16 ಕಿಲೋ. ಗ್ಯಾರಿಯಲ್ಲಿ ಗಾರೆ ಹೊತ್ತು ಮೇಲೇರುವ ನಮ್ಮ ಕಟ್ಟಡ ಕೆಲಸದವರನ್ನು ನೆನೆಸಿಕೊಳ್ಳಿ. ಇಪ್ಪತ್ತೊಂದನೆಯ ಶತಮಾನದ ಅತ್ಯಾಧುನಿಕ ಯಂತ್ರಗಳು ಉಸಿರು ಹಿಡಿದದ್ದು ಹೀಗೆ. ಹತ್ತಿರದ ವೈಟ್‌ಹಾಲ್ ಬೀದಿಯ ಇನ್ನೊಂದು ಡೇಟಾ ಸೆಂಟರಿಗೆ ಈ ಭಾಗ್ಯವಿರಲಿಲ್ಲ. ಅಲ್ಲೂ ನೆಲಮಾಳಿಗೆಯ ಪಂಪುಗಳು ಮುಳುಗಿ, ಹಫಿಂಗ್ಟನ್ ಪೋಸ್ಟ್, ಬಜ್‌ಫೀಡ್‌ನಂಥ ಸುದ್ದಿತಾಣಗಳು ಮಾಯವಾದವು. ಸುದ್ದಿತಾಣ ಒಂದು ದಿನ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ ಎನ್ನಬಹುದು. ಆದರೆ ಅದೇ ನಗರದ ಬೆಲ್ವ್ಯೂ ಆಸ್ಪತ್ರೆಯಲ್ಲೂ ಇಂಧನದ ಪಂಪು ನೆಲಮಾಳಿಗೆಯಲ್ಲೇ ಇತ್ತು. ಅಲ್ಲಿ ನ್ಯಾಷನಲ್ ಗಾರ್ಡ್ ಯೋಧರು 13ನೇ ಮಹಡಿಗೆ ಇಂಧನ ಹೊತ್ತರು.

ಅದೇ ರಾತ್ರಿ, ಅದೇ ಕತ್ತಲ ಪ್ರದೇಶದೊಳಗೆ, ಬ್ರಾಡ್ ಬೀದಿಯ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದ ವಾಷಿಂಗ್ಟನ್ ಚೌಕದಲ್ಲಿ ದೀಪಗಳು ಉರಿಯುತ್ತಿದ್ದವು. ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಆವರಣ. 2011ರಲ್ಲಿ ಅವರು ನೆಲದಡಿ ಹೊಸ ಸ್ಥಾವರವೊಂದನ್ನು ಆರಂಭಿಸಿದ್ದರು. ನೈಸರ್ಗಿಕ ಅನಿಲದಿಂದ ಟರ್ಬೈನು ತಿರುಗಿಸಿ 13.4 ಮೆಗಾವಾಟ್ ವಿದ್ಯುತ್ತು, ಅದರ ಬಿಸಿ ಹೊಗೆಯಿಂದ ಕಟ್ಟಡ ಬೆಚ್ಚಗಿಡಲು ಉಗಿ. ಹೊರಗಿನ ಜಾಲ ಸತ್ತಾಗ ಈ ಸ್ಥಾವರ ಅದರಿಂದ ಕಳಚಿಕೊಂಡು ತನ್ನ ಕಟ್ಟಡಗಳನ್ನು ತಾನೇ ನಡೆಸಿತು. ಬ್ರಾಡ್ ಬೀದಿಗೂ ಇದಕ್ಕೂ ವ್ಯತ್ಯಾಸವೇನು? ಇಲ್ಲಿಯ ಯಂತ್ರ ಆಪತ್ತಿಗೆಂದು ಎತ್ತಿಟ್ಟದ್ದಲ್ಲ, ದಿನವೂ ದುಡಿಯುತ್ತಿದ್ದದ್ದು. ಅದನ್ನು ಎಬ್ಬಿಸಬೇಕಾಗಿರಲಿಲ್ಲ. ಇಂಧನ ಪೈಪಿನಲ್ಲಿ ಬರುತ್ತಿತ್ತು, ಬಕೀಟಿನಲ್ಲಲ್ಲ. ಸ್ಥಾವರಕ್ಕೆ ತಂತಿ ಎಳೆಯದಿದ್ದ ವಿಶ್ವವಿದ್ಯಾಲಯದ ಇತರ ಕಟ್ಟಡಗಳು ಮಾತ್ರ ಎಲ್ಲರಂತೆ ಕತ್ತಲಲ್ಲಿದ್ದವು.

ಇದಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಲ್ಯಾಸೆಟರ್ ಪ್ರಮುಖರು. 2002ರಲ್ಲಿ ಅವರೂ ಸಹೋದ್ಯೋಗಿಗಳೂ ಮೈಕ್ರೋಗ್ರಿಡ್ ಎಂಬ ಕಲ್ಪನೆಯನ್ನು ವಿವರವಾಗಿ ಮಂಡಿಸಿದರು. ಹಲವು ಸಣ್ಣ ಉತ್ಪಾದಕಗಳು, ಬ್ಯಾಟರಿ, ಬಳಕೆದಾರರು ಸೇರಿ ಒಂದು ಕುಟುಂಬ. ದೊಡ್ಡ ಜಾಲದೊಡನೆ ಒಂದೇ ಬಾಗಿಲಿನ ಸಂಬಂಧ. ಆಚೆ ಗೊಂದಲವೆದ್ದರೆ ಬಾಗಿಲಿನ ಸ್ವಿಚ್ಚು ತಾನೇ ತೆರೆದು ಕುಟುಂಬ ದ್ವೀಪವಾಗುತ್ತದೆ. ಒಳಗಿನ ಯಂತ್ರಗಳು ಪರಸ್ಪರ ಮಾತಾಡದೆಯೇ ಭಾರ ಹಂಚಿಕೊಳ್ಳಬೇಕು. ಅದಕ್ಕೆ ಉಪಾಯ ಆವೃತ್ತಿಯೇ. ಭಾರ ಹೆಚ್ಚಿದಂತೆ ಪ್ರತಿ ಯಂತ್ರವೂ ಲಯವನ್ನು ತುಸು ಇಳಿಸುತ್ತದೆ. ಇಳಿದ ಲಯವನ್ನು ಕಂಡು ಉಳಿದವು ತಮ್ಮ ಪಾಲು ಏರಿಸುತ್ತವೆ. ಭೌತಶಾಸ್ತ್ರ ಓದುವವರು ಇದನ್ನು ಕಾಗದದ ಮೇಲೆ ಎರಡು ಸರಳರೇಖೆಗಳಲ್ಲಿ ಬರೆದು ನೋಡಿ, ಬಹಳ ಸೊಗಸಾಗಿದೆ.

ಕಳಚಿಕೊಳ್ಳುವುದಕ್ಕಿಂತ ಮರಳಿ ಸೇರುವುದು ಕಷ್ಟ. ಎರಡು ಉಯ್ಯಾಲೆಗಳು ತೂಗುತ್ತಿವೆ ಎಂದುಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಇಡಬೇಕಾದರೆ ಎರಡೂ ಒಂದೇ ವೇಗದಲ್ಲಿ, ಒಂದೇ ಎತ್ತರದಲ್ಲಿ, ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿರಬೇಕು. ಹಾಗೆಯೇ ದ್ವೀಪದ ಮತ್ತು ಜಾಲದ ಆವೃತ್ತಿ, ವೋಲ್ಟೇಜು, ಹಂತ ಮೂರೂ ಕೂಡಿಬಂದ ಕ್ಷಣದಲ್ಲಿ ಮಾತ್ರ ಸ್ವಿಚ್ಚು ಮುಚ್ಚಬೇಕು. ತಪ್ಪಿದರೆ ಯಂತ್ರದ ದಂಡವೇ ತಿರುಚಿಕೊಳ್ಳಬಹುದು.

ಜಪಾನಿನ ಸೆಂಡೈ ನಗರದಲ್ಲಿ ಇದರ ನಿಜವಾದ ಪರೀಕ್ಷೆ ನಡೆಯಿತು. ತೊಹೊಕು ಫುಕುಷಿ ವಿಶ್ವವಿದ್ಯಾಲಯದ ಆವರಣದಲ್ಲಿ 350 ಕಿಲೋವಾಟಿನ ಎರಡು ಅನಿಲ ಎಂಜಿನ್ನುಗಳು, 250 ಕಿಲೋವಾಟಿನ ಇಂಧನಕೋಶ, 50 ಕಿಲೋವಾಟಿನ ಸೌರ ಫಲಕಗಳು ಇದ್ದ ಕಿರುಜಾಲವಿತ್ತು. ಟೆಲಿಫೋನು ಸಂಸ್ಥೆಗಳಿಗೆ ವಿದ್ಯುತ್ ವ್ಯವಸ್ಥೆ ಮಾಡಿಕೊಡುವ ಎನ್.ಟಿ.ಟಿ. ಫೆಸಿಲಿಟೀಸ್ ಅದನ್ನು ರೂಪಿಸಿತ್ತು. ಎಲ್ಲರಿಗೂ ಒಂದೇ ದರ್ಜೆಯ ವಿದ್ಯುತ್ತು ಏಕೆ ಬೇಕು ಎಂಬುದು ಅವರ ಪ್ರಶ್ನೆ. ಒಂದು ಕ್ಷಣವೂ ನಿಲ್ಲಬಾರದವರಿಗೆ ಮೇಲಿನ ದರ್ಜೆ, ಕೊಂಚ ಕಾಯಬಲ್ಲವರಿಗೆ ಕೆಳಗಿನದು. ಅತಿ ಮೇಲಿನ ಸಾಲಿನಲ್ಲಿ ಡಿ.ಸಿ.ಯನ್ನೂ ಕೊಟ್ಟಿದ್ದರು. 2011ರ ಮಾರ್ಚ್ 11ರ ಮಹಾ ಭೂಕಂಪದಲ್ಲಿ ಹೊರಗಿನ ಜಾಲ ಸತ್ತಿತು, ಎಂಜಿನ್ನುಗಳೂ ನಿಂತವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನ್ನು ಮತ್ತೆ ಎಬ್ಬಿಸಿ, ಜಾಲ ಮರಳಿದ 14ನೇ ತಾರೀಖಿನವರೆಗೆ ಅಲ್ಲಿಯ ಆಸ್ಪತ್ರೆಗೂ ವೃದ್ಧರ ಆರೈಕೆ ಕೇಂದ್ರಕ್ಕೂ ವಿದ್ಯುತ್ತು ಕೊಟ್ಟರು. ನಡುವಿನ ಆ ರಾತ್ರಿಯಲ್ಲೂ ಡಿ.ಸಿ. ಸಾಲು ಬ್ಯಾಟರಿ ಮತ್ತು ಸೌರ ಫಲಕಗಳ ಆಸರೆಯಿಂದ ನಿಲ್ಲಲಿಲ್ಲ. ಹಳೆಯ ಟೆಲಿಫೋನು ಕರೆಂಟು ಹೋದಾಗಲೂ ಕೆಲಸ ಮಾಡುತ್ತಿದ್ದುದನ್ನು ನಿಮ್ಮ ತಾಯಿತಂದೆಯರು ಹೇಳಿರಬಹುದು. ಅದರ ಗುಟ್ಟೂ ಎಕ್ಸ್‌ಚೇಂಜಿನಲ್ಲಿದ್ದ 48 ವೋಲ್ಟಿನ ಬ್ಯಾಟರಿ ಸಾಲು. ಗಣಕದ ಚಿಪ್ಪು ಬಯಸುವುದೂ ಡಿ.ಸಿ.ಯನ್ನೇ. ಮ್ಯಾನ್‌ಹಟನ್ನಿನಲ್ಲಿ ಎಡಿಸನ್ ಶುರು ಮಾಡಿದ ಡಿ.ಸಿ. ಪೂರೈಕೆಯ ಕಟ್ಟಕಡೆಯ ಎಳೆಯನ್ನು 2007ರ ನವೆಂಬರಿನಲ್ಲಿ ಕತ್ತರಿಸಿದ್ದರು. ಸೋತ ಪಕ್ಷ ಹಿಂಬಾಗಿಲಿನಿಂದ ಮರಳಿ ಬಂದಂತಾಯಿತು.

2013ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಇಬೇ ಕಂಪನಿ ತನ್ನ ಡೇಟಾ ಸೆಂಟರ್ ಒಂದನ್ನು ತಲೆಕೆಳಗು ಮಾಡಿತು. ಬ್ಲೂಮ್ ಎನರ್ಜಿಯ 30 ಇಂಧನಕೋಶಗಳು, ಒಟ್ಟು 6 ಮೆಗಾವಾಟ್, ದಿನನಿತ್ಯದ ಆಧಾರ. ಆಪತ್ತಿಗೆ ಡೀಸೆಲ್ ಜನರೇಟರಿನ ಬದಲು ಜಾಲದ ವಿದ್ಯುತ್ತು! ಜಾಲವೇ ಈಗ ಆಪದ್ಬಾಂಧವ. ಆದರೆ ನನಗೆ ಇಲ್ಲೊಂದು ಅನುಮಾನ ಉಳಿದಿದೆ. ಆ ಕೋಶಗಳು ನಡೆಯುವುದು ನೈಸರ್ಗಿಕ ಅನಿಲದಿಂದ. ಅನಿಲದ ಕೊಳವೆಯೂ ಒಂದು ಜಾಲವೇ ಅಲ್ಲವೇ? 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸಿನಲ್ಲಿ ಅನಿಲವೂ ವಿದ್ಯುತ್ತೂ ಒಂದನ್ನೊಂದು ಎಳೆದುಕೊಂಡು ಬಿದ್ದವು.

ಇನ್ನೊಂದು ಪ್ರಶ್ನೆ ನಾನು ಕಾರ್ಯಕ್ರಮದಲ್ಲಿ ಎತ್ತಬೇಕೆಂದು ಬರೆದುಕೊಂಡು ಬಂದು ಬಿಟ್ಟದ್ದು. ಎಲ್ಲರೂ ಒಟ್ಟಿಗೆ ಬಾಗಿಲು ಹಾಕಿಕೊಂಡರೆ ಹೊರಗಿನವರ ಗತಿಯೇನು? 2024ರ ಜುಲೈ 10ರ ಸಂಜೆ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 230 ಕಿಲೋವೋಲ್ಟಿನ ಒಂದು ಮಾರ್ಗದಲ್ಲಿ ಸಿಡಿಲುತಡೆ ಸಾಧನವೊಂದು ಕೆಟ್ಟಿತು. ಮಾರ್ಗವನ್ನು ಮತ್ತೆ ಮತ್ತೆ ಜೋಡಿಸುವ ಸ್ವಯಂಚಾಲಿತ ಯತ್ನದಲ್ಲಿ ವೋಲ್ಟೇಜು ಹಲವು ಬಾರಿ ಕುಸಿದು ಎದ್ದಿತು. ಸುತ್ತಲಿನ ಸುಮಾರು 60 ಡೇಟಾ ಸೆಂಟರುಗಳ ರಕ್ಷಣಾ ಯಂತ್ರಗಳು ಆ ಕುಸಿತಗಳನ್ನು ಎಣಿಸಿ, ಇನ್ನು ಸಾಕೆಂದು ತಮ್ಮ ಸ್ವಂತ ವ್ಯವಸ್ಥೆಗೆ ಹೊರಳಿದವು. ಕ್ಷಣಮಾತ್ರದಲ್ಲಿ ಜಾಲದ ಮೇಲಿನ 1,500 ಮೆಗಾವಾಟ್ ಭಾರ ಮಾಯವಾಯಿತು. ಹೋಲಿಕೆಗಾಗಿ ಹೇಳುತ್ತೇನೆ: ಅದು ನಮ್ಮ ಇಡೀ ಶರಾವತಿ ವಿದ್ಯುದಾಗಾರದ ಸಾಮರ್ಥ್ಯಕ್ಕಿಂತ ಹೆಚ್ಚು. ಇಲ್ಲಿ ಕೊರತೆಯಲ್ಲ, ದಿಢೀರನೆ ಹೆಚ್ಚಳ. ಆವೃತ್ತಿಯೂ ವೋಲ್ಟೇಜೂ ಮೇಲೇರಿದವು. ನಿಯಂತ್ರಣ ಕೊಠಡಿಯವರು ಕೆಪಾಸಿಟರುಗಳನ್ನು ಕಳಚಿ ವೋಲ್ಟೇಜನ್ನು ಇಳಿಸಿದರು. ಡೇಟಾ ಸೆಂಟರುಗಳಲ್ಲಿ ಒಂದು ಗಣಕವೂ ನಿಲ್ಲಲಿಲ್ಲವೇನೋ. ಆದರೆ ಅವು ತಾವಾಗಿ ಜಾಲಕ್ಕೆ ಹಿಂದಿರುಗುವಂತೆ ರೂಪಿಸಿರಲಿಲ್ಲ. ಮನುಷ್ಯರೇ ಹೋಗಿ ಕೈಯಿಂದ ಮರಳಿ ಜೋಡಿಸಬೇಕಾಯಿತು.